ಹಳೆಯ ಲೇತ್ ಹೇಳುವ ಕಥೆ: ಹೆನ್ರಿ ಮಾಡ್ಸ್ಲೆಯ ಬದುಕು ಮತ್ತು ಕೆಲಸ

ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿ ಎರಡು ಹಳೆಯ ಲೇತ್‌ಗಳಿವೆ. ಒಂದು ಸುಮಾರು 1797ರದು, ಇನ್ನೊಂದು ಸುಮಾರು 1800ರದು. ಮೊದಲ ನೋಟಕ್ಕೆ ಇವುಗಳಲ್ಲಿ ವಿಶೇಷವೇನೂ ಕಾಣುವುದಿಲ್ಲ. ಸ್ವಲ್ಪ ಹೊತ್ತು ನೋಡಿದರೆ ಮಾತ್ರ ಪ್ರಶ್ನೆಗಳು ಏಳುತ್ತವೆ. ಮೊದಲನೆಯದರ ಹಾಸಿಗೆ, ಅಂದರೆ ಬೆಡ್, ಚಪ್ಪಟೆಯಾಗಿಲ್ಲ. ಎರಡು ತ್ರಿಕೋನಾಕಾರದ ಕಂಬಿಗಳನ್ನು ಅಕ್ಕಪಕ್ಕ ಮಲಗಿಸಿ ಅದನ್ನು ಮಾಡಲಾಗಿದೆ. ಉದ್ದಕ್ಕೂ ಹಾದು ಹೋಗುವ ತಿರುಪು ಕಂಬಿಯನ್ನು ಬೇಕೆಂದಾಗ ಕಳಚಿ ತೆಗೆಯುವಂತೆ ಜೋಡಿಸಲಾಗಿದೆ. ಎರಡನೆಯ ಲೇತ್‌ನಲ್ಲಿ ಆ ತಿರುಪು ಕಳಚುವುದಿಲ್ಲ. ಬದಲಿಗೆ ಅದರೊಂದಿಗೆ 28 ಬಿಡಿ ಹಲ್ಲುಗಾಲಿಗಳಿವೆ. ಅತ್ತಿತ್ತ ಸರಿಯುವ ಒಂದು ತೋಳಿನ ಮೇಲೆ ಅಗಲ ಮೈಯ ಇನ್ನೊಂದು ಗಾಲಿ ಕುಳಿತಿದೆ.

ಇವೆಲ್ಲ ಏಕೆ ಹೀಗಿವೆ ಎಂಬುದನ್ನು ವಿವರಿಸುವ ಕೈಪಿಡಿಯನ್ನು ತಯಾರಕ ಬರೆಯಲಿಲ್ಲ, ಈ ರಚನೆಗೆ ಪೇಟೆಂಟನ್ನೂ ಪಡೆಯಲಿಲ್ಲ. ಆತ ಹೆನ್ರಿ ಮಾಡ್ಸ್ಲೆ. ಆತನ ವಿವರಣೆ ಏನಿದ್ದರೂ ಕಬ್ಬಿಣದಲ್ಲಿಯೇ ಇತ್ತು. ಅದನ್ನು ಬಿಡಿಸಿ ಓದಬೇಕಾದರೆ ಆತನ ಬದುಕಿನ ಹಾದಿಯನ್ನೂ ತಿಳಿಯಬೇಕಾಗುತ್ತದೆ.

ಮದ್ದುಗುಂಡಿನ ಮನೆಯಿಂದ ಕುಲುಮೆಗೆ

ಮಾಡ್ಸ್ಲೆ ಹುಟ್ಟಿದ್ದು 1771ರ ಆಗಸ್ಟ್ 22ರಂದು, ಥೇಮ್ಸ್ ನದಿಯ ದಂಡೆಯಲ್ಲಿರುವ ವುಲಿಚ್‌ನಲ್ಲಿ. ಸೇನೆಯಲ್ಲಿ ಮರಗೆಲಸ ಮಾಡುತ್ತಿದ್ದ ತಂದೆ ಗಾಯಗೊಂಡ ಬಳಿಕ ಅಲ್ಲಿನ ಸರಕಾರಿ ಶಸ್ತ್ರಾಗಾರದಲ್ಲಿ ಉಗ್ರಾಣದ ಕೆಲಸಕ್ಕೆ ಸೇರಿದ್ದರು. ಮಗನಿಗೆ ಒಂಬತ್ತು ವರ್ಷವಾಗುವ ಹೊತ್ತಿಗೆ ಅವರು ತೀರಿಕೊಂಡರು. ತಾಯಿಯ ಮೇಲೆ ಏಳು ಮಕ್ಕಳ ಭಾರ ಬಿತ್ತು. ಹನ್ನೆರಡರ ವಯಸ್ಸಿಗೆ ಹೆನ್ರಿ ಅದೇ ಶಸ್ತ್ರಾಗಾರದಲ್ಲಿ ತೋಟಾಗಳಿಗೆ ಮದ್ದು ತುಂಬುವ ಹುಡುಗನಾದ. ಎರಡು ವರ್ಷದ ನಂತರ ಆತನನ್ನು ಬಡಗಿಗಳ ವಿಭಾಗಕ್ಕೆ ಹಾಕಿದರು. ಆತನ ಮನಸ್ಸು ಮಾತ್ರ ಕುಲುಮೆಯ ಕಡೆಗಿತ್ತು. ಹದಿನೈದನೆಯ ವಯಸ್ಸಿನಲ್ಲಿ ಕಮ್ಮಾರರ ನಡುವೆ ಜಾಗ ಸಿಕ್ಕಿತು. ಮೂರು ವರ್ಷಗಳಲ್ಲಿ ಆತನ ಕೈಚಳಕದ ಸುದ್ದಿ ವುಲಿಚ್ ದಾಟಿ ಲಂಡನ್ ತಲುಪಿತು.

ಸುದ್ದಿ ತಲುಪಿದ್ದು ಜೋಸೆಫ್ ಬ್ರಾಮಾ ಎಂಬ ಯಂತ್ರಶಿಲ್ಪಿಗೆ. ಬ್ರಾಮಾ 1784ರಲ್ಲಿ ಹೊಸ ಬಗೆಯ ಬೀಗವೊಂದಕ್ಕೆ ಪೇಟೆಂಟ್ ಪಡೆದಿದ್ದ. ಅದರ ಒಳಗಿನ ಸಣ್ಣ ಪಟ್ಟಿಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಬೇಕಿತ್ತು. ಅರ ಹಿಡಿದು ಉಜ್ಜಿ ಉಜ್ಜಿ ಕೂಡಿಸುವ ಕುಶಲಿಗಳು ಸಿಗುತ್ತಿರಲಿಲ್ಲ. ಸಿಕ್ಕವರಿಗೆ ಕೊಡಬೇಕಾದ ಕೂಲಿ ಬೀಗದ ಬೆಲೆಯನ್ನು ಮೀರುತ್ತಿತ್ತು. ಹೀಗೆ ಕರೆಸಿಕೊಂಡ ಕೆಲಸಗಾರ ಇನ್ನೂ ಹದಿನೆಂಟರ ಹುಡುಗ ಎಂಬುದನ್ನು ಕಂಡು ಬ್ರಾಮಾ ಹಿಂಜರಿದನಂತೆ. ಏಳು ವರ್ಷದ ಶಿಷ್ಯವೃತ್ತಿ ಮುಗಿಸದವನ ಜೊತೆ ದುಡಿಯಲು ಉಳಿದ ಕೆಲಸಗಾರರಿಗೂ ಇಷ್ಟವಿರಲಿಲ್ಲ. ಅಲ್ಲೇ ಬಿದ್ದಿದ್ದ ಸವೆದ ವೈಸ್ ಒಂದನ್ನು ಸಂಜೆಯೊಳಗೆ ಹೊಸದರಂತೆ ಮಾಡಿಕೊಟ್ಟು ಹುಡುಗ ಎಲ್ಲರ ಬಾಯಿ ಮುಚ್ಚಿಸಿದ ಎಂಬ ಕಥೆ ಹತ್ತೊಂಬತ್ತನೆಯ ಶತಮಾನದ ಚರಿತ್ರೆಕಾರರ ಮೂಲಕ ಉಳಿದುಬಂದಿದೆ. ಸ್ವಲ್ಪ ಬಣ್ಣ ಬೆರೆತಿರಬಹುದಾದರೂ ಆ ಕಾಲದ ಕಾರ್ಖಾನೆಯ ರೀತಿನೀತಿಗೆ ಹೊಂದುವ ಕಥೆಯೇ ಅದು.

ಬ್ರಾಮಾನ ಅಂಗಡಿಯ ಕಿಟಕಿಯಲ್ಲಿ 1790ರಿಂದ ಒಂದು ಬೀಗವನ್ನು ಇಡಲಾಗಿತ್ತು. ಬೀಗದಕೈ ಇಲ್ಲದೆ ಅದನ್ನು ತೆರೆದವರಿಗೆ 200 ಗಿನಿ ಬಹುಮಾನ. ಆ ಬೀಗವನ್ನು ತಯಾರಿಸಿದ್ದು ಮಾಡ್ಸ್ಲೆ ಎಂದೇ ಪ್ರತೀತಿ. ಅಮೆರಿಕದ ಎ. ಸಿ. ಹಾಬ್ಸ್ ಎಂಬ ಬೀಗತಜ್ಞ 1851ರಲ್ಲಿ ಹದಿನಾರು ದಿನಗಳ ಅವಧಿಯಲ್ಲಿ ಐವತ್ತಕ್ಕೂ ಹೆಚ್ಚು ಗಂಟೆ ಹೆಣಗಾಡಿ ಅದನ್ನು ತೆರೆಯುವವರೆಗೆ ಆ ಬಹುಮಾನ ಯಾರ ಪಾಲಾಗಲೂ ಇಲ್ಲ.

ಕೈಯಿಂದ ಯಂತ್ರಕ್ಕೆ

ಚನ್ನಪಟ್ಟಣದಲ್ಲಿ ಮರದ ಗೊಂಬೆ ಕಡೆಯುವುದನ್ನು ನೋಡಿದವರಿಗೆ ಮಾಡ್ಸ್ಲೆಯ ಕಾಲದ ಲೇತ್ ಕೆಲಸವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಮರದ ತುಂಡು ಗಿರಗಿರನೆ ತಿರುಗುತ್ತದೆ. ಕುಶಲಿ ಉಳಿಯನ್ನು ಆಸರೆಯ ಮೇಲೆ ಊರಿ, ಕೈಯ ಬಲದಿಂದಲೇ ಅದನ್ನು ಮುಂದಕ್ಕೂ ಪಕ್ಕಕ್ಕೂ ನಡೆಸುತ್ತಾನೆ. ಮೆದುವಾದ ಆಲೆಮರಕ್ಕೆ ಇದು ಒಗ್ಗುತ್ತದೆ. ಕಬ್ಬಿಣದ ಮೇಲೆ ಇದೇ ಕೆಲಸ ಮಾಡುವವನ ಕೈ ನಡುಗದೇ ಇರಲು ಸಾಧ್ಯವಿಲ್ಲ. ಉದ್ದನೆಯ ಕಂಬಿಯೊಂದನ್ನು ಈ ತುದಿಯಿಂದ ಆ ತುದಿಯವರೆಗೆ ಒಂದೇ ದಪ್ಪಕ್ಕೆ ತರುವುದು ಅಪರೂಪದ ಕುಶಲಿಗಳಿಗಷ್ಟೇ ಒಲಿದಿದ್ದ ವಿದ್ಯೆ.

ಬ್ರಾಮಾನ ಕಾರ್ಯಾಗಾರದಲ್ಲಿ ಇದ್ದಾಗಲೇ ಮಾಡ್ಸ್ಲೆ ಉಳಿಯನ್ನು ಮನುಷ್ಯನ ಕೈಯಿಂದ ಬಿಡಿಸಿ ಯಂತ್ರದ ಹಿಡಿತಕ್ಕೆ ಕೊಟ್ಟ. ಹಾಸಿಗೆಯ ಮೇಲೆ ಜಾರುವ ಸ್ಲೈಡ್ ರೆಸ್ಟ್‌ನಲ್ಲಿ ಉಳಿಯನ್ನು ಬಿಗಿದು, ಸಣ್ಣ ತಿರುಪುಗಳ ಮೂಲಕ ಅದನ್ನು ಬೇಕಾದಷ್ಟೇ ಸರಿಸುವ ವ್ಯವಸ್ಥೆ ಅದು. ಕೆಲಸಗಾರರು ಮೊದಮೊದಲು ಇದನ್ನು ಗೇಲಿ ಮಾಡಿದರೆಂದು ಹೇಳುತ್ತಾರೆ. ಅದಕ್ಕೆ ಕಾರಣವೂ ಇತ್ತು. ವರ್ಷಗಟ್ಟಲೆ ಪಳಗಿಸಿದ ಕೈಯ ಬೆಲೆಯನ್ನು ಈ ಜಾರುಪೆಟ್ಟಿಗೆ ಇಳಿಸಿಬಿಡುತ್ತದೆ ಎಂಬುದು ಅವರಿಗೆ ಅರ್ಥವಾಗದ ವಿಷಯವೇನಲ್ಲ.

ಎಂಟು ವರ್ಷಗಳ ಸೇವೆಯಲ್ಲಿ ಮಾಡ್ಸ್ಲೆ ಕಾರ್ಯಾಗಾರದ ಮುಖ್ಯಸ್ಥನಾದ. ಬ್ರಾಮಾನ ಮನೆಯಲ್ಲಿ ಕೆಲಸಕ್ಕಿದ್ದ ಸಾರಾ ಟಿಂಡೇಲ್ ಎಂಬಾಕೆಯನ್ನು 1791ರಲ್ಲಿ ಮದುವೆಯಾದ. ಬ್ರಾಮಾ 1795ರಲ್ಲಿ ಪೇಟೆಂಟ್ ಪಡೆದ ಜಲಒತ್ತಡದ ಪ್ರೆಸ್‌ನಲ್ಲಿ ನೀರು ಸೋರುವ ದೊಡ್ಡ ತೊಡಕಿತ್ತು. ಒತ್ತಡ ಹೆಚ್ಚಿದಷ್ಟೂ ತಾನೇ ಬಿಗಿಯಾಗುವ ಚರ್ಮದ ಬಟ್ಟಲಿನ ಉಪಾಯ ಮಾಡ್ಸ್ಲೆಯದೆಂದು ಹೇಳಲಾಗುತ್ತದೆ. ಇಷ್ಟಾದರೂ ವಾರದ ಕೂಲಿ 30 ಶಿಲಿಂಗ್. ಸಂಸಾರ ಬೆಳೆಯುತ್ತಿತ್ತು. 1797ರಲ್ಲಿ ಕೂಲಿ ಏರಿಸಬೇಕೆಂದು ಕೇಳಿದಾಗ ಬ್ರಾಮಾ ಒಪ್ಪಲಿಲ್ಲ. ಮಾಡ್ಸ್ಲೆ ಕೆಲಸ ಬಿಟ್ಟು, ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟ್ ಬಳಿಯ ವೆಲ್ಸ್ ಸ್ಟ್ರೀಟ್‌ನಲ್ಲಿ ಸ್ವಂತ ಕುಲುಮೆ ಹೂಡಿದ. ಮೊದಲು ಬಂದ ಕೆಲಸ ಒಬ್ಬ ಚಿತ್ರಕಲಾವಿದನ ದೊಡ್ಡ ಚಿತ್ರಪಟವನ್ನು ನಿಲ್ಲಿಸುವ ಚೌಕಟ್ಟಿನ ಕಬ್ಬಿಣದ ಭಾಗಗಳು. ಬೀಗ ಮತ್ತು ಪ್ರೆಸ್‌ಗಳಿಂದ ಬ್ರಾಮಾ ಗಳಿಸಿದ ಹೆಸರನ್ನು ನೆನೆದರೆ, ಕೆಲವೇ ಶಿಲಿಂಗ್‌ಗಳಿಗಾಗಿ ಆತ ಕಳೆದುಕೊಂಡದ್ದೆಷ್ಟು ಎಂದು ಅಚ್ಚರಿಯಾಗುತ್ತದೆ.

ತ್ರಿಕೋನದ ಗುಟ್ಟು

ಆರಂಭದಲ್ಲಿ ಹೇಳಿದ ಮೊದಲ ಲೇತ್ ಈ ಅವಧಿಯದು. ಅದರ ಕಂಬಿಗಳು ತ್ರಿಕೋನವಾಗಿರುವುದು ಅಲಂಕಾರಕ್ಕಲ್ಲ. ಚಪ್ಪಟೆ ಹಾಸಿಗೆಯ ಮೇಲೆ ಜಾರುವ ಯಾವುದೇ ವಸ್ತು ಪಕ್ಕಕ್ಕೆ ಅಲುಗಾಡದಂತೆ ಅಂಚಿನಲ್ಲಿ ತಡೆ ಇರಬೇಕು. ತಡೆ ತೀರ ಬಿಗಿಯಾದರೆ ಜಾರುವುದಿಲ್ಲ, ಸಡಿಲವಾದರೆ ಅಲುಗಾಡುತ್ತದೆ. ಸವೆದಷ್ಟೂ ಸಡಿಲ ಹೆಚ್ಚುತ್ತದೆ. ತ್ರಿಕೋನದ ಏಣಿನ ಮೇಲೆ ಕುಳಿತ ಜಾರುಪೆಟ್ಟಿಗೆ ತನ್ನ ಭಾರದಿಂದಲೇ ನಡುವಿಗೆ ಬಂದು ನಿಲ್ಲುತ್ತದೆ. ಸವೆದರೆ ತುಸು ಕೆಳಗಿಳಿಯುತ್ತದೆಯೇ ಹೊರತು ಪಕ್ಕಕ್ಕೆ ವಾಲುವುದಿಲ್ಲ. ಕಬ್ಬಿಣದ ಹೊಟ್ಟು ಕೂಡ ಇಳಿಜಾರಿನ ಮೇಲೆ ನಿಲ್ಲದೆ ಕೆಳಗೆ ಬೀಳುತ್ತದೆ. ಹರಿಹರದ ಮೈಸೂರು ಕಿರ್ಲೋಸ್ಕರ್ ಅಥವಾ ಬೆಂಗಳೂರಿನ ಎಚ್‌ಎಂಟಿ ಲೇತ್‌ನ ಮುಂದೆ ನಿಂತು ಕೆಲಸ ಮಾಡಿದವರು ಹಾಸಿಗೆಯ ಮೇಲಿನ ಏಣನ್ನು ನಿತ್ಯ ಒರೆಸಿ ಎಣ್ಣೆ ಹಚ್ಚಿರುತ್ತಾರೆ. ಆ ಏಣಿನ ಹಿಂದಿರುವ ತರ್ಕ ಇದೇ.

ಕಳಚಬಹುದಾದ ತಿರುಪು ಕಂಬಿಯದು ಇನ್ನೊಂದು ಕಥೆ. ಇದನ್ನು ಲೀಡ್ ಸ್ಕ್ರೂ ಎನ್ನುತ್ತಾರೆ. ಲೇತ್‌ನಲ್ಲಿ ಸಿಕ್ಕಿಸಿದ ಕಂಬಿ ಒಂದು ಸುತ್ತು ತಿರುಗಿದಾಗ ಲೀಡ್ ಸ್ಕ್ರೂ ಕೂಡ ತಿರುಗಿ ಉಳಿಯನ್ನು ನಿಗದಿತ ದೂರ ಮುಂದಕ್ಕೆ ಒಯ್ಯುತ್ತದೆ. ಕಂಬಿಯ ಮೇಲೆ ಥ್ರೆಡ್ ಮೂಡುತ್ತದೆ. 1797ರ ಯಂತ್ರದಲ್ಲಿ ಎರಡನ್ನೂ ನೇರವಾಗಿ ಜೋಡಿಸಿದ್ದರಿಂದ, ಲೀಡ್ ಸ್ಕ್ರೂ ಹೇಗಿದೆಯೋ ಹೊಸ ಥ್ರೆಡ್ ಕೂಡ ಹಾಗೆಯೇ ಬರುತ್ತಿತ್ತು. ಬೇರೆ ಅಳತೆಯ ಥ್ರೆಡ್ ಬೇಕಾದರೆ ಇದನ್ನು ಕಳಚಿ ಬೇರೊಂದು ಲೀಡ್ ಸ್ಕ್ರೂ ಹಾಕಬೇಕಿತ್ತು. ಎಷ್ಟು ಬಗೆಯ ಥ್ರೆಡ್‌ಗಳೋ ಅಷ್ಟು ಲೀಡ್ ಸ್ಕ್ರೂಗಳು.

ಎರಡನೆಯ ಲೇತ್‌ನಲ್ಲಿ 28 ಗಾಲಿಗಳು ಬಂದದ್ದು ಈ ತೊಡಕಿನ ಪರಿಹಾರಕ್ಕೆ. 15 ಹಲ್ಲುಗಳಿಂದ 50 ಹಲ್ಲುಗಳವರೆಗಿನ ಈ ಗಾಲಿಗಳಲ್ಲಿ ಎರಡನ್ನು ಆರಿಸಿ, ಒಂದನ್ನು ತಿರುಗುವ ಅಕ್ಷಕ್ಕೂ ಇನ್ನೊಂದನ್ನು ಲೀಡ್ ಸ್ಕ್ರೂವಿಗೂ ಹಾಕಿದರೆ ಎರಡರ ವೇಗದ ಪ್ರಮಾಣ ಬದಲಾಗುತ್ತದೆ. ಉದಾಹರಣೆಗೆ ಲೀಡ್ ಸ್ಕ್ರೂ ಇಂಚಿಗೆ 10 ಎಳೆಯದು ಎಂದುಕೊಂಡರೆ, ಅಕ್ಷಕ್ಕೆ 20 ಹಲ್ಲಿನ ಗಾಲಿ, ಲೀಡ್ ಸ್ಕ್ರೂವಿಗೆ 40 ಹಲ್ಲಿನ ಗಾಲಿ ಹಾಕಿದಾಗ ಉಳಿಯ ನಡೆ ಅರ್ಧವಾಗಿ ಇಂಚಿಗೆ 20 ಎಳೆಗಳ ಥ್ರೆಡ್ ಬರುತ್ತದೆ. ಒಂದೇ ತಿರುಪಿನಿಂದ ಹಲವು ತಿರುಪುಗಳು ಹುಟ್ಟುತ್ತವೆ.

ತೋಳಿನ ಮೇಲೆ ಕುಳಿತ ಅಗಲ ಗಾಲಿ ನೋಡುವವರನ್ನು ಹೆಚ್ಚು ದಾರಿ ತಪ್ಪಿಸುತ್ತದೆ. ಅದರ ಹಲ್ಲುಗಳ ಸಂಖ್ಯೆಯನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ಅನ್ನಿಸುವುದು ಸಹಜ. ವಾಸ್ತವದಲ್ಲಿ ಅದು ಲೆಕ್ಕಕ್ಕೆ ಬರುವುದೇ ಇಲ್ಲ. ಸಣ್ಣ ಗಾಲಿ ಹಾಕಿದಾಗ ನಡುವೆ ಅಂತರ ಹೆಚ್ಚು, ದೊಡ್ಡದು ಹಾಕಿದಾಗ ಕಡಿಮೆ. ತೋಳು ಸರಿದು ಆ ಅಂತರವನ್ನು ತುಂಬುತ್ತದೆ. ಮೈ ಅಗಲವಾಗಿರುವುದರಿಂದ ಎರಡು ಗಾಲಿಗಳು ಒಂದೇ ನೇರಕ್ಕೆ ಇಲ್ಲದಿದ್ದರೂ ಹಲ್ಲುಗಳು ಕಚ್ಚಿಕೊಳ್ಳುತ್ತವೆ. ಪ್ರಮಾಣವನ್ನು ಬದಲಿಸದೆ ಚಲನೆಯನ್ನಷ್ಟೇ ದಾಟಿಸುವ ಮಧ್ಯವರ್ತಿ ಅದು.

ಇಲ್ಲೊಂದು ಮೂಲಭೂತ ಪ್ರಶ್ನೆ ಉಳಿಯುತ್ತದೆ. ತಿರುಪು ಮಾಡಲು ತಿರುಪೇ ಬೇಕಾದರೆ ಮೊದಲ ತಿರುಪು ಬಂದದ್ದೆಲ್ಲಿಂದ? ಮಾಡ್ಸ್ಲೆ ಹಲವು ವಿಧಾನಗಳನ್ನು ಪರೀಕ್ಷಿಸಿದ. ಮರ, ತವರ, ಹಿತ್ತಾಳೆಯಂಥ ಮೆದು ವಸ್ತುವಿನ ಉರುಟು ಕಂಬಿಯನ್ನು ತಿರುಗಿಸುತ್ತ, ಹದಗೊಳಿಸಿದ ಉಕ್ಕಿನ ಅರ್ಧಚಂದ್ರದ ಅಲಗನ್ನು ಲೆಕ್ಕ ಹಾಕಿದ ಓರೆಯಲ್ಲಿ ಅದಕ್ಕೆ ಒತ್ತಿ ಹಿಡಿಯುವುದು ಆತನಿಗೆ ಒಪ್ಪಿಗೆಯಾದ ವಿಧಾನ. ಅಲಗಿನ ಓರೆಯೇ ಕಂಬಿಯನ್ನು ಮುಂದಕ್ಕೆ ದೂಡುತ್ತ ಹೋಗುತ್ತದೆ, ಸುತ್ತಿ ಸಾಗುವ ಗೀರು ತಾನಾಗಿ ಮೂಡುತ್ತದೆ. ಹೀಗೆ ದೊರೆತವುಗಳಲ್ಲಿ ಉತ್ತಮವಾದದ್ದನ್ನು ಆರಿಸಿ, ಅದರಿಂದ ಮತ್ತೊಂದನ್ನು ಮಾಡಿ, ದೋಷಗಳನ್ನು ತಿದ್ದುತ್ತ ಹೋದ. ಈ ದಾರಿಯಲ್ಲಿ ತಯಾರಾದ ಒಂದು ತಿರುಪು ಐದು ಅಡಿ ಉದ್ದ, ಎರಡು ಇಂಚು ದಪ್ಪವಿತ್ತು. ಇಂಚಿಗೆ 50 ಎಳೆಗಳು. ಅದರ ನಟ್ಟು ಒಂದು ಅಡಿ ಉದ್ದವಿದ್ದು 600 ಎಳೆಗಳನ್ನು ಒಮ್ಮೆಗೇ ಹಿಡಿಯುತ್ತಿತ್ತು. ಖಗೋಳ ಉಪಕರಣಗಳ ಅಳತೆಪಟ್ಟಿಗಳಿಗೆ ಗೆರೆ ಕೊರೆಯಲು ಅದು ಬಳಕೆಯಾಯಿತು.

ಹೇಳದ ಯಂತ್ರವನ್ನು ಊಹಿಸಿದ್ದು

ಮಾಡ್ಸ್ಲೆಯ ಬದುಕಿಗೆ ದೊಡ್ಡ ತಿರುವು ಕೊಟ್ಟ ಪ್ರಸಂಗವೂ ಒಂದು ಒಗಟೇ. ಫ್ರಾನ್ಸ್‌ನ ಕ್ರಾಂತಿಯ ಕಾಲದಲ್ಲಿ ದೇಶ ಬಿಟ್ಟು ಬಂದಿದ್ದ ಮಾರ್ಕ್ ಇಸಂಬಾರ್ಡ್ ಬ್ರುನೆಲ್ ಯಂತ್ರದ ಭಾಗಗಳ ನಕ್ಷೆಗಳನ್ನು ಹಿಡಿದು ಆತನ ಬಳಿಗೆ ಬಂದ. ಏತಕ್ಕಾಗಿ ಎಂಬುದನ್ನು ಮಾತ್ರ ಬಾಯಿ ಬಿಡಲಿಲ್ಲ. ಒಂದೊಂದೇ ನಕ್ಷೆಯನ್ನು ನೋಡುತ್ತ ಹೋದ ಮಾಡ್ಸ್ಲೆ, ಇವು ಹಡಗಿನ ರಾಟೆಗಳನ್ನು ತಯಾರಿಸುವ ಯಂತ್ರಗಳಲ್ಲವೇ ಎಂದು ಕೇಳಿಬಿಟ್ಟನಂತೆ. ಗುಟ್ಟು ಒಡೆದವನನ್ನು ಬ್ರುನೆಲ್ ತನ್ನ ಸಲಹೆಗಾರನನ್ನಾಗಿಯೂ ಮಾಡಿಕೊಂಡ.

ಹಾಯಿಹಡಗುಗಳ ಕಾಲದಲ್ಲಿ ರಾಟೆ ಸಣ್ಣ ವಸ್ತುವಾಗಿರಲಿಲ್ಲ. ದೊಡ್ಡ ಯುದ್ಧನೌಕೆಯೊಂದಕ್ಕೆ ಸಾವಿರದಷ್ಟು ರಾಟೆಗಳು ಬೇಕಿದ್ದವು. ಬ್ರಿಟನ್ನಿನ ನೌಕಾಪಡೆ ವರ್ಷಕ್ಕೆ ಲಕ್ಷದಷ್ಟು ರಾಟೆಗಳನ್ನು ಬಳಸುತ್ತಿತ್ತು. ಸ್ಯಾಮ್ಯುಯೆಲ್ ಬೆಂಥಮ್‌ನ ಮೇಲ್ವಿಚಾರಣೆಯಲ್ಲಿ, ಬ್ರುನೆಲ್‌ನ ವಿನ್ಯಾಸದಂತೆ, ಪೋರ್ಟ್ಸ್‌ಮತ್ ಹಡಗುಕಟ್ಟೆಗೆ ನಲವತ್ತಕ್ಕೂ ಹೆಚ್ಚು ಯಂತ್ರಗಳನ್ನು ಮಾಡ್ಸ್ಲೆ 1802ರಿಂದ ಆರು ವರ್ಷಗಳಲ್ಲಿ ತಯಾರಿಸಿಕೊಟ್ಟ. 1808ರಲ್ಲಿ ಅಲ್ಲಿ 1,30,000 ರಾಟೆಗಳು ತಯಾರಾದವು. ಮರವನ್ನು ಕೊರೆದು, ತೋಡಿ, ಆಕಾರ ಕೊಡುವ ಈ ಯಂತ್ರಗಳ ಮುಂದೆ ನಿಂತ ಹತ್ತು ಜನ ಸಾಮಾನ್ಯ ಕೂಲಿಗಳು 110 ಕುಶಲಕರ್ಮಿಗಳ ಕೆಲಸ ಮಾಡಿದರು. ಈ ಲೆಕ್ಕವನ್ನು ಯಂತ್ರಯುಗದ ವಿಜಯವೆಂದು ಪುಸ್ತಕಗಳು ಮೇಲಿಂದ ಮೇಲೆ ಹೇಳುತ್ತವೆ. ಉಳಿದ ನೂರು ಮಂದಿಯ ಬಗ್ಗೆ ಅವು ಅಷ್ಟಾಗಿ ಮಾತನಾಡುವುದಿಲ್ಲ. ಬಡ ವಿಧವೆಯ ಮಗನಾಗಿ ಕುಲುಮೆಯಿಂದ ಮೇಲೆ ಬಂದವನ ಯಂತ್ರಗಳೇ ಕುಶಲಿಗಳ ಅನ್ನಕ್ಕೆ ಅಡ್ಡ ಬಂದವೆಂಬುದು ಈ ಬದುಕಿನ ಒಂದು ಮುಖ, ಅದನ್ನು ಮರೆಮಾಚಬೇಕಾಗಿಲ್ಲ. ಅವುಗಳಲ್ಲಿ ಕೆಲವು ಇಪ್ಪತ್ತನೆಯ ಶತಮಾನದಲ್ಲೂ ಕೆಲಸ ಮಾಡುತ್ತಿದ್ದವು.

ಅಳತೆಯ ಅಂತಿಮ ನ್ಯಾಯಾಲಯ

ಪೋರ್ಟ್ಸ್‌ಮತ್‌ನ ಕೆಲಸದಿಂದ ಬಂದ ಹಣ ಮತ್ತು ಹೆಸರಿನಿಂದ ಕಾರ್ಖಾನೆ ಬೆಳೆಯಿತು. 1810ರಲ್ಲಿ ಅದು ಥೇಮ್ಸ್‌ನ ದಕ್ಷಿಣಕ್ಕೆ ಲ್ಯಾಂಬೆತ್‌ಗೆ ಸ್ಥಳಾಂತರಗೊಂಡಿತು. ಜೋಶುವಾ ಫೀಲ್ಡ್ ಪಾಲುದಾರನಾದ, ಮುಂದೆ ಮಕ್ಕಳೂ ಸೇರಿಕೊಂಡರು. 1807ರಲ್ಲಿ ಪೇಟೆಂಟ್ ಪಡೆದ ಮೇಜಿನಾಕಾರದ ಉಗಿಯಂತ್ರ, ಹಡಗುಗಳ ಎಂಜಿನ್‌ಗಳು, 1825ರಲ್ಲಿ ಥೇಮ್ಸ್ ನದಿಯ ತಳದಲ್ಲಿ ಸುರಂಗ ತೋಡಲು ಬ್ರುನೆಲ್ ಬಳಸಿದ ಕಬ್ಬಿಣದ ಗುರಾಣಿ ಇಲ್ಲಿಂದಲೇ ಹೊರಬಂದವು.

ಆ ಕಾರ್ಖಾನೆಯ ನಿಜವಾದ ವೈಶಿಷ್ಟ್ಯ ಇದ್ದದ್ದು ಕೆಲಸಗಾರರ ಮೇಜುಗಳ ಮೇಲೆ. ಪ್ರತಿಯೊಬ್ಬನ ಬಳಿಯೂ ತೀರ ಸಮತಟ್ಟಾದ ಒಂದು ಲೋಹದ ಹಲಗೆ ಇರುತ್ತಿತ್ತು. ಮಾಡಿದ ಭಾಗ ಸಮವಾಗಿದೆಯೇ ಎಂಬುದನ್ನು ಅದರ ಮೇಲಿಟ್ಟು ಅಲ್ಲೇ ಪರೀಕ್ಷಿಸಬೇಕಿತ್ತು. ಮಾಡ್ಸ್ಲೆಯ ಸ್ವಂತ ಕೋಣೆಯಲ್ಲಿ ಸುಮಾರು 1805ರಲ್ಲಿ ತಯಾರಿಸಿದ ತಿರುಪು ಮೈಕ್ರೊಮೀಟರ್ ಇತ್ತು. ಇಂಚಿನ ಸಾವಿರದ ಒಂದು ಭಾಗಕ್ಕೂ ಕಡಿಮೆ ವ್ಯತ್ಯಾಸವನ್ನು ಅದು ತೋರಿಸುತ್ತಿತ್ತು. ಅಳತೆಯ ಬಗ್ಗೆ ಜಗಳ ಬಂದರೆ ಅದರ ತೀರ್ಪೇ ಕೊನೆ. ಇಂಗ್ಲೆಂಡಿನ ನ್ಯಾಯಾಂಗದ ಅತ್ಯುನ್ನತ ಅಧಿಕಾರಿಯ ಪದವಿಯನ್ನೇ ಹೆಸರಾಗಿಸಿ ಅದನ್ನು ಲಾರ್ಡ್ ಚಾನ್ಸಲರ್ ಎಂದು ಕರೆಯುತ್ತಿದ್ದರು.

ನಟ್ಟು ಬೋಲ್ಟುಗಳಲ್ಲಿ ಆತ ತಂದ ಶಿಸ್ತು ಕಣ್ಣಿಗೆ ಬೀಳದಂಥದ್ದು. ಅದುವರೆಗೆ ಪ್ರತಿ ಬೋಲ್ಟಿಗೂ ಅದರದೇ ನಟ್ಟು. ಯಂತ್ರ ಬಿಚ್ಚುವಾಗ ಜೋಡಿಗಳಿಗೆ ಗುರುತು ಹಾಕದಿದ್ದರೆ ಮತ್ತೆ ಕೂಡಿಸುವುದು ಅಸಾಧ್ಯವಾಗುತ್ತಿತ್ತು. ದಪ್ಪಕ್ಕೆ ತಕ್ಕಂತೆ ಥ್ರೆಡ್‌ನ ಅಳತೆಯನ್ನು ಗೊತ್ತುಪಡಿಸಿ, ತನ್ನ ಕಾರ್ಖಾನೆಯ ಮಟ್ಟಿಗಾದರೂ ಮಾಡ್ಸ್ಲೆ ಈ ಗೊಂದಲವನ್ನು ಕೊನೆಗಾಣಿಸಿದ. ಆತನ ಬಳಿ ದುಡಿದು ಹೋದ ಜೋಸೆಫ್ ವಿಟ್ವರ್ತ್ 1841ರಲ್ಲಿ ಇಡೀ ಬ್ರಿಟನ್ನಿಗೆ ಅನ್ವಯಿಸುವಂಥ ಥ್ರೆಡ್ ಮಾನಕವನ್ನು ಪ್ರಸ್ತಾಪಿಸಿದ್ದು ಆಕಸ್ಮಿಕವಲ್ಲ. ಚಾರ್ಲ್ಸ್ ಬ್ಯಾಬೇಜ್‌ನ ಗಣನಯಂತ್ರದ ಭಾಗಗಳನ್ನು ಮಾಡಿದ ಜೋಸೆಫ್ ಕ್ಲೆಮೆಂಟ್, ನೂಲುವ ಯಂತ್ರವನ್ನು ಸ್ವಯಂಚಾಲಿತಗೊಳಿಸಿದ ರಿಚರ್ಡ್ ರಾಬರ್ಟ್ಸ್ ಇಬ್ಬರೂ ಇದೇ ಕಾರ್ಖಾನೆಯಲ್ಲಿ ಪಳಗಿದವರು. ಮುಂದೆ ಉಗಿ ಸುತ್ತಿಗೆಯಿಂದ ಹೆಸರಾದ ಜೇಮ್ಸ್ ನಾಸ್ಮಿತ್ 1829ರಲ್ಲಿ ತಾನು ಮಾಡಿದ ಪುಟ್ಟ ಉಗಿಯಂತ್ರ ಮತ್ತು ನಕ್ಷೆಗಳನ್ನು ಹಿಡಿದು ಎಡಿನ್‌ಬರೋದಿಂದ ಬಂದಾಗ, ಮಾಡ್ಸ್ಲೆ ಅವನನ್ನು ತನ್ನ ಖಾಸಗಿ ಸಹಾಯಕನನ್ನಾಗಿ ಇರಿಸಿಕೊಂಡ.

ಯಾರಿಗೆ ಸಲ್ಲಬೇಕು?

ನಾಸ್ಮಿತ್‌ನ ಭಕ್ತಿಯೇ ಮುಂದೆ ಒಂದು ತಪ್ಪು ಕಲ್ಪನೆಗೂ ಕಾರಣವಾಯಿತು. 1841ರ ಪ್ರಬಂಧವೊಂದರಲ್ಲಿ ಆತ ಸ್ಲೈಡ್ ರೆಸ್ಟ್‌ನ ಕೀರ್ತಿಯನ್ನು ಗುರುವಿಗೆ ಅರ್ಪಿಸಿದ. ಲೇತ್‌ನ ಜನಕ ಮಾಡ್ಸ್ಲೆ ಎಂಬ ಮಾತು ಅಲ್ಲಿಂದ ಬೇರೂರಿತು. ಸಂಗತಿ ಅಷ್ಟು ಸರಳವಲ್ಲ. ಲಿಯೊನಾರ್ಡೊ ಡ ವಿಂಚಿಯ ನಕ್ಷೆಗಳಲ್ಲಿ ತಿರುಪು ಕತ್ತರಿಸುವ ಯಂತ್ರವೂ ಅದಲುಬದಲಾಗುವ ಗಾಲಿಗಳೂ ಇವೆ. ಫ್ರಾನ್ಸ್‌ನ ಜಾಕ್ ಡಿ ವೋಕಾನ್ಸನ್ ಹದಿನೆಂಟನೆಯ ಶತಮಾನದ ಮಧ್ಯಭಾಗದಲ್ಲೇ ಏಣಿನ ಹಾಸಿಗೆಯ ಲೋಹದ ಲೇತ್ ಮಾಡಿದ್ದ. ಅದು ಪ್ಯಾರಿಸ್ಸಿನ ವಸ್ತುಸಂಗ್ರಹಾಲಯದಲ್ಲಿದೆ. ಲಂಡನ್ನಿನಲ್ಲೇ ಜೆಸ್ಸಿ ರಾಮ್ಸ್‌ಡೆನ್ 1770ರ ದಶಕದಲ್ಲಿ ಉಪಕರಣಗಳಿಗೆ ಬೇಕಾದ ನಿಖರ ತಿರುಪುಗಳನ್ನು ಯಂತ್ರದಿಂದ ಕತ್ತರಿಸಿದ್ದ. 1795ರ ಹೊತ್ತಿಗೆ ಸೆನೋ ಎಂಬ ಫ್ರೆಂಚ್ ಕುಶಲಿಯ ಲೇತ್‌ನಲ್ಲೂ ಬದಲಿ ಗಾಲಿಗಳಿದ್ದವು.

ಹಾಗಾದರೆ ಮಾಡ್ಸ್ಲೆಗೆ ಉಳಿಯುವುದೇನು? ಬಿಡಿಬಿಡಿಯಾಗಿ ನೋಡಿದರೆ ಆತನ ಲೇತ್‌ನಲ್ಲಿ ಹೊಸದು ಕಡಿಮೆ. ಏಣಿನ ಹಾಸಿಗೆ, ಜಾರುಪೆಟ್ಟಿಗೆ, ನಿಖರ ಲೀಡ್ ಸ್ಕ್ರೂ, ಬದಲಿ ಗಾಲಿಗಳನ್ನು ಗಟ್ಟಿಯಾದ ಲೋಹದ ಮೈಯಲ್ಲಿ ಕೂಡಿಸಿ, ದಿನನಿತ್ಯದ ಕಾರ್ಖಾನೆಯ ಕೆಲಸಕ್ಕೆ ಒಗ್ಗಿಸಿದ್ದು ಆತನ ಸಾಧನೆ. ಹಿಂದಿನವರ ಯಂತ್ರಗಳು ಒಬ್ಬೊಬ್ಬ ಕುಶಲಿಯ ಕೊಠಡಿಯಲ್ಲಿ ಉಳಿದವು, ಮಾಡ್ಸ್ಲೆಯದು ಆತನ ಕಾರ್ಖಾನೆಯಲ್ಲಿ ಕಲಿತವರ ಜೊತೆ ಮ್ಯಾಂಚೆಸ್ಟರ್‌ವರೆಗೂ ಅದರಾಚೆಗೂ ಹೋಯಿತು. ತನ್ನ ಸ್ಲೈಡ್ ರೆಸ್ಟ್‌ಗೆ ಆತ ಪೇಟೆಂಟ್ ಪಡೆಯದಿದ್ದುದು ಈ ಹರಡುವಿಕೆಗೆ ಅಡ್ಡಿಯಿಲ್ಲದಂತೆ ಮಾಡಿತು.

ಆರಡಿ ಮೀರಿದ ಎತ್ತರದ, ಹಾಸ್ಯಪ್ರಿಯ ಮನುಷ್ಯ ಮಾಡ್ಸ್ಲೆ. ದೊಡ್ಡ ಕಾರ್ಖಾನೆಯ ಒಡೆಯನಾದ ಮೇಲೂ ಅರ ಹಿಡಿದು ನಿಲ್ಲುವುದನ್ನು ಬಿಡಲಿಲ್ಲ. ಕೊನೆಯ ವರ್ಷಗಳಲ್ಲಿ ಖಗೋಳದ ಹುಚ್ಚು ಹಿಡಿದು, ಸ್ವಂತಕ್ಕೆ ದೊಡ್ಡ ದೂರದರ್ಶಕವೊಂದನ್ನು ಕಟ್ಟುವ ಯೋಚನೆಯಲ್ಲಿದ್ದ. 1831ರ ಆರಂಭದಲ್ಲಿ ಫ್ರಾನ್ಸ್‌ನಲ್ಲಿದ್ದ ಸ್ನೇಹಿತನನ್ನು ನೋಡಿಕೊಂಡು ಇಂಗ್ಲಿಷ್ ಕಡಲ್ಗಾಲುವೆ ದಾಟಿ ಮರಳುವಾಗ ಶೀತ ಹಿಡಿಯಿತು. ಕೆಲವು ವಾರ ಹಾಸಿಗೆ ಹಿಡಿದು ಫೆಬ್ರುವರಿ 14ರಂದು ತೀರಿಕೊಂಡ. ಕಂಪನಿ ಮಕ್ಕಳ ಮತ್ತು ಫೀಲ್ಡ್‌ನ ಕೈಯಲ್ಲಿ ಮುಂದುವರಿಯಿತು. ಅಟ್ಲಾಂಟಿಕ್ ದಾಟಿದ ಗ್ರೇಟ್ ವೆಸ್ಟರ್ನ್ ಹಡಗಿನ ಎಂಜಿನ್ ತಯಾರಿಸಿ, ಶತಮಾನದ ಕೊನೆಯ ಹೊತ್ತಿಗೆ ಬಾಗಿಲು ಮುಚ್ಚಿತು.

ಮಾಡ್ಸ್ಲೆಯನ್ನು ಮಣ್ಣು ಮಾಡಿದ್ದು ಹುಟ್ಟಿದೂರು ವುಲಿಚ್‌ನ ಸೇಂಟ್ ಮೇರಿ ಮ್ಯಾಗ್ಡಲೀನ್ ಚರ್ಚಿನ ಅಂಗಳದಲ್ಲಿ. ಅಲ್ಲಿನ ಸಮಾಧಿಯನ್ನು ಎರಕದ ಕಬ್ಬಿಣದಲ್ಲಿ ಮಾಡಲಾಗಿತ್ತು. ಅದರ ವಿನ್ಯಾಸವನ್ನು ಆತ ಮೊದಲೇ ತಯಾರಿಸಿಟ್ಟಿದ್ದ. ಎರಕ ಹೊಯ್ದದ್ದು ಲ್ಯಾಂಬೆತ್‌ನ ಸ್ವಂತ ಕಾರ್ಖಾನೆಯಲ್ಲಿ.